ಕಿಡ್ನಿ ಕಲ್ಲಿನ ಅಧ್ಯಯನಕ್ಕೆ ಹೆಸರು ಕೊಟ್ಟ ಮೇಲೆ: ಒಪ್ಪಿಗೆ ಪತ್ರದಿಂದ ಕೊನೆಯ ಸ್ಕ್ಯಾನ್‌ವರೆಗೆ

ಮೂತ್ರಪಿಂಡದಲ್ಲಿ ಕಲ್ಲು ಯಾರಿಗೆ ಆಗುತ್ತದೆ, ಯಾಕೆ ಆಗುತ್ತದೆ ಎಂದು ಹುಡುಕುವ ಒಂದು ಅಧ್ಯಯನಕ್ಕೆ ಹೆಸರು ಕೊಟ್ಟಿದ್ದೆ. ಕಳೆದ ವಾರ ಅದರ ಕೊನೆಯ ಸ್ಕ್ಯಾನ್ ಮುಗಿಯಿತು. ವರ್ಷಕ್ಕೂ ಮೇಲ್ಪಟ್ಟು ನಡೆದ ಈ ಓಡಾಟದಲ್ಲಿ, ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಲವು ಬಾರಿ ಅನ್ನಿಸಿದೆ. ಮೂತ್ರದ ವಿಷಯವೆಂದರೆ ನಮ್ಮಲ್ಲಿ, ಅದರಲ್ಲೂ ಹೆಂಗಸರಲ್ಲಿ, ಮಾತೇ ಹೊರಡುವುದಿಲ್ಲ. ಹಾಗಾಗಿ ಸಂಕೋಚ ಬದಿಗಿಟ್ಟು ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ನಾನು ರಾಯಚೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನೋವು ಬಂದದ್ದು ಎಸ್‌ಎಸ್‌ಎಲ್‌ಸಿ ಉತ್ತರ ಪತ್ರಿಕೆಗಳ ಮೌಲ್ಯಮಾಪನ ನಡೆಯುತ್ತಿದ್ದ ಏಪ್ರಿಲ್‌ನಲ್ಲಿ. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ, ಬಿಸಿಲು ನಲವತ್ತು ಡಿಗ್ರಿ ದಾಟಿರುತ್ತದೆ. ಮಧ್ಯಾಹ್ನ ಬಲಬದಿಯ ಬೆನ್ನಲ್ಲಿ ಶುರುವಾದ ನೋವು ಹೊಟ್ಟೆಯ ಪಕ್ಕದಿಂದ ತೊಡೆಯ ಸಂದಿನವರೆಗೆ ಇಳಿಯಿತು. ಕೂರಲೂ ಆಗದು, ಮಲಗಲೂ ಆಗದು, ಜೊತೆಗೆ ವಾಂತಿ. ತಾಲ್ಲೂಕು ಆಸ್ಪತ್ರೆಯಲ್ಲಿ ನೋವಿನ ಚುಚ್ಚುಮದ್ದು ಕೊಟ್ಟು ಮಲಗಿಸಿದರು. ಅಲ್ಟ್ರಾಸೌಂಡ್‌ನಲ್ಲಿ ಮೂತ್ರಪಿಂಡ ಊದಿಕೊಂಡಿರುವುದು ಕಂಡಿತು. ಬೆಂಗಳೂರಿನಲ್ಲಿರುವ ನನ್ನ ತಂಗಿ ಫೋನಿನಲ್ಲಿ ಹಟ ಹಿಡಿದು ಮರುದಿನವೇ ಬಸ್ಸು ಹತ್ತಿಸಿದಳು.

ಬೆಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯೊಂದರಲ್ಲಿ ಮಾಡಿದ ಸಿ.ಟಿ. ಸ್ಕ್ಯಾನ್‌ನಲ್ಲಿ ಮೂತ್ರನಾಳದ ಮೇಲ್ಭಾಗದಲ್ಲಿ 8 ಮಿಲಿಮೀಟರ್ ಕಲ್ಲು. ಐದು ಮಿಲಿಮೀಟರ್‌ಗಿಂತ ಸಣ್ಣ ಕಲ್ಲುಗಳು ಬಹುತೇಕ ತಾವಾಗಿಯೇ ಇಳಿದು ಹೋಗುತ್ತವೆ, ಇಷ್ಟು ದೊಡ್ಡದು, ಅದೂ ಇಷ್ಟು ಮೇಲಿರುವುದು ಇಳಿಯುವ ಭರವಸೆ ಕಡಿಮೆ ಎಂದರು. ಮೂತ್ರದ್ವಾರದ ಮೂಲಕವೇ ದುರ್ಬೀನು ಹಾಕಿ ಲೇಸರ್‌ನಿಂದ ಕಲ್ಲು ಒಡೆದರು. ಒಳಗೆ ಡಿಜೆ ಸ್ಟೆಂಟ್ ಎಂಬ ಮೆತ್ತನೆಯ ಕೊಳವೆ ಇಟ್ಟರು. ಶಸ್ತ್ರಚಿಕಿತ್ಸೆಗಿಂತ ಆ ಸ್ಟೆಂಟ್ ಇದ್ದ ದಿನಗಳೇ ನನಗೆ ಕಷ್ಟವಾದವು. ಮೂತ್ರಕ್ಕೆ ಕುಳಿತಾಗಲೆಲ್ಲ ಬೆನ್ನಲ್ಲಿ ಚಳುಕು, ಪದೇ ಪದೇ ಅವಸರ, ಆಗಾಗ ಕೆಂಪು ಮೂತ್ರ. ಇದು ಸ್ಟೆಂಟ್ ಇದ್ದವರಲ್ಲಿ ಸಾಮಾನ್ಯ ಎಂದು ಯಾರೂ ಮೊದಲೇ ಹೇಳದ ಕಾರಣ ನಾನು ಸುಮ್ಮನೆ ಹೆದರಿದೆ. ಆದರೆ ಚಳಿಜ್ವರ ಬಂದರೆ, ಮೂತ್ರ ನಿಂತುಹೋದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಲ್ಲು ಅಡ್ಡಗಟ್ಟಿರುವಾಗ ಸೋಂಕು ಸೇರಿಕೊಂಡರೆ ಜೀವಕ್ಕೇ ಅಪಾಯ. ಸ್ಟೆಂಟ್ ತೆಗೆಸುವ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ, ಮೊಬೈಲ್‌ನಲ್ಲಿ, ಮನೆಯವರ ತಲೆಯಲ್ಲಿ, ಮೂರೂ ಕಡೆ ಬರೆದಿಡಿ. ನೋವು ಕಡಿಮೆಯಾಯಿತೆಂದು ಮರೆತು ವರ್ಷಗಟ್ಟಲೆ ಒಳಗೇ ಬಿಟ್ಟವರಿದ್ದಾರೆ, ಆಗ ಆ ಕೊಳವೆಯ ಸುತ್ತಲೇ ಕಲ್ಲು ಕಟ್ಟಿಕೊಳ್ಳುತ್ತದೆ.

ಇನ್ನೊಂದು ಮಾತು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ‘ಕಲ್ಲಿನ ಚೂರುಗಳನ್ನು ಪರೀಕ್ಷೆಗೆ ಕಳಿಸುತ್ತೀರಾ’ ಎಂದು ಕೇಳಿಬಿಡಿ. ಕಲ್ಲು ಯಾವುದರಿಂದ ಆಗಿದೆ ಎಂಬುದು ತಿಳಿದರೆ ಮುಂದಿನ ಅರ್ಧ ದಾರಿ ಸುಲಭ. ಚೂರುಗಳು ಮನೆಯಲ್ಲಿ ಮೂತ್ರದೊಂದಿಗೆ ಬಿದ್ದರೂ ಸರಿ, ಚಹಾ ಸೋಸುವಂಥ ಜಾಳಿಗೆಯಲ್ಲಿ ಹಿಡಿದು, ತೊಳೆದು, ಒಣಗಿಸಿ ಸಣ್ಣ ಶೀಷೆಯಲ್ಲಿ ಹಾಕಿಡಬೇಕು. ಫಾರ್ಮಲಿನ್, ಸ್ಪಿರಿಟ್ ಯಾವುದನ್ನೂ ಹಾಕಬಾರದು. ನನ್ನ ಕಲ್ಲು ಕ್ಯಾಲ್ಸಿಯಂ ಆಕ್ಸಲೇಟ್ ಎಂದು ವರದಿ ಬಂತು, ಅಂದರೆ ಕ್ಯಾಲ್ಸಿಯಂ ಜೊತೆ ಆಕ್ಸಲೇಟ್ ಎಂಬ, ಕೆಲವು ಸೊಪ್ಪು ಕಾಳುಗಳಲ್ಲೂ ಇರುವ ಅಂಶ ಸೇರಿ ಗಟ್ಟಿಯಾದದ್ದು. ಜನರಲ್ಲಿ ಕಾಣುವ ಕಲ್ಲುಗಳಲ್ಲಿ ಇದರದ್ದೇ ಸಿಂಹಪಾಲು.

ಸ್ಟೆಂಟ್ ತೆಗೆಸಿಕೊಂಡ ದಿನ ಹೊರರೋಗಿ ವಿಭಾಗದ ಬಾಕಿನಲ್ಲಿ ಕುಳಿತಿದ್ದಾಗ ಗೋಡೆಯ ಮೇಲೆ ಕನ್ನಡದ ಒಂದು ಭಿತ್ತಿಪತ್ರ ಕಂಡಿತು. ಮೊದಲ ಬಾರಿ ಮೂತ್ರಪಿಂಡದ ಕಲ್ಲಾದವರು ಅಧ್ಯಯನದಲ್ಲಿ ಸೇರಬಹುದು ಎಂದಿತ್ತು. ನನ್ನ ತಂದೆಗೂ ಕಲ್ಲಿನ ತೊಂದರೆ ಇತ್ತು. ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಐದು-ಹತ್ತು ವರ್ಷಗಳಲ್ಲಿ ಮತ್ತೆ ಆಗುತ್ತದೆ ಎಂದು ವೈದ್ಯರು ಹೇಳಿದ್ದು ತಲೆಯಲ್ಲೇ ಕೊರೆಯುತ್ತಿತ್ತು. ಯಾಕೆ ಆಯಿತು ಎಂಬ ನನ್ನ ಪ್ರಶ್ನೆಗೆ ಅಲ್ಲಿಯವರೆಗೆ ಸಿಕ್ಕಿದ್ದ ಉತ್ತರ ‘ನೀರು ಕಡಿಮೆ ಕುಡಿದಿರುತ್ತೀರಿ’ ಎಂಬುದೊಂದೇ. ಒಳಗೆ ಹೋಗಿ ಹೆಸರು ಕೊಟ್ಟೆ.

ಅಲ್ಲಿದ್ದ ಯುವ ವೈದ್ಯೆ ಮೊದಲು ಹೇಳಿದ ಮಾತನ್ನು ಸೇರುವವರೆಲ್ಲರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ‘ಟೀಚರ್, ಇದು ಚಿಕಿತ್ಸೆ ಅಲ್ಲ. ನಿಮ್ಮ ಚಿಕಿತ್ಸೆ ಹೇಗಿದ್ದರೂ ನಡೆಯುತ್ತದೆ, ನೀವು ಸೇರಿದರೂ ಅಷ್ಟೇ, ಸೇರದಿದ್ದರೂ ಅಷ್ಟೇ’ ಎಂದರು. ಔಷಧವನ್ನು ಪರೀಕ್ಷಿಸುವ ಪ್ರಯೋಗವೇ ಬೇರೆ, ಜನರ ಜೀವನವನ್ನು ಕೇಳಿ, ಅಳೆದು, ಹೋಲಿಸಿ ನೋಡುವ ಅಧ್ಯಯನವೇ ಬೇರೆ. ನಾನು ಸೇರಿದ್ದು ಎರಡನೆಯದಕ್ಕೆ. ಇಲ್ಲಿ ಮಾತ್ರೆ ಇಲ್ಲ. ಪ್ರಶ್ನಾವಳಿ, ರಕ್ತ, ಇಪ್ಪತ್ತನಾಲ್ಕು ಗಂಟೆಯ ಮೂತ್ರ ಸಂಗ್ರಹ, ವರ್ಷದ ಕೊನೆಗೆ ಅಲ್ಟ್ರಾಸೌಂಡ್, ಇಷ್ಟೇ.

ಔಷಧದ ಪ್ರಯೋಗಕ್ಕೆ ನಿಮ್ಮನ್ನು ಕರೆದರೆ ಇನ್ನೂ ಹೆಚ್ಚು ಕೇಳಿ ತಿಳಿದುಕೊಳ್ಳಬೇಕು. ಅಲ್ಲಿ ಚೀಟಿ ಎತ್ತಿದಂತೆ ಗುಂಪು ಹಂಚುತ್ತಾರೆ, ಕೆಲವರಿಗೆ ಔಷಧವಿಲ್ಲದ ಹುಸಿಮಾತ್ರೆ ಬರುತ್ತದೆ. ಹುಸಿಮಾತ್ರೆ ಯಾಕೆ ಬೇಕು ಎಂದು ನಾನು ಕೇಳಿದಾಗ ಆ ವೈದ್ಯೆ ಸ್ವಿಟ್ಜರ್ಲೆಂಡಿನ ಒಂದು ಪ್ರಯೋಗದ ಕಥೆ ಹೇಳಿದರು. ಕಲ್ಲು ಮರುಕಳಿಸದಿರಲೆಂದು ದಶಕಗಳಿಂದ ಬರೆದುಕೊಡುತ್ತಿದ್ದ ಹೈಡ್ರೋಕ್ಲೋರೋಥಯಜೈಡ್ ಎಂಬ ಮಾತ್ರೆಯನ್ನು ಅಲ್ಲಿ 416 ಜನರಲ್ಲಿ ಹುಸಿಮಾತ್ರೆಯೊಡನೆ ಹೋಲಿಸಿದರಂತೆ. 2023ರಲ್ಲಿ ಫಲಿತಾಂಶ ಬಂದಾಗ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಹೋಲಿಸಿ ನೋಡದೆ ಇದ್ದಿದ್ದರೆ ಇನ್ನೂ ಎಷ್ಟು ವರ್ಷ ಅದೇ ನಂಬಿಕೆ ನಡೆಯುತ್ತಿತ್ತೋ.

ಒಪ್ಪಿಗೆ ಪತ್ರ ದೊಡ್ಡದಿತ್ತು. ಕನ್ನಡದಲ್ಲೇ ಇದ್ದರೂ ಕೆಲವು ವಾಕ್ಯಗಳು ನ್ಯಾಯಾಲಯದ ಭಾಷೆಯಂತೆ ಗಂಟು ಗಂಟಾಗಿದ್ದವು. ನಾನು ಅಲ್ಲಿಯೇ ಸಹಿ ಮಾಡಲಿಲ್ಲ. ಮನೆಗೆ ಕೊಂಡೊಯ್ದು ಓದಿ ಬರುತ್ತೇನೆ ಎಂದೆ, ಸಂತೋಷದಿಂದ ಕೊಟ್ಟರು. ಹಾಗೆ ಕೇಳುವುದು ನಮ್ಮ ಹಕ್ಕು. ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು, ಹೊರಬಂದರೂ ಚಿಕಿತ್ಸೆಗೆ ತೊಂದರೆಯಾಗದು, ಹೆಸರಿನ ಬದಲು ಸಂಖ್ಯೆ ಇರುತ್ತದೆ, ಇವೆಲ್ಲ ಅದರಲ್ಲಿದ್ದವು. ಉಳಿದ ರಕ್ತ ಮತ್ತು ಮೂತ್ರವನ್ನು ಮುಂದಿನ ಬೇರೆ ಸಂಶೋಧನೆಗಾಗಿ ಇಟ್ಟುಕೊಳ್ಳಲು ಬೇರೆಯೇ ಒಂದು ಚೌಕವಿತ್ತು. ಅದಕ್ಕೆ ಬೇಡ ಎಂದರೂ ಮುಖ್ಯ ಅಧ್ಯಯನಕ್ಕೆ ಸೇರಬಹುದು. ಎರಡನ್ನೂ ಒಂದೇ ಉಸಿರಿನಲ್ಲಿ ಒಪ್ಪಬೇಡಿ, ಬಿಡಿಬಿಡಿಯಾಗಿ ಓದಿ. ಸಹಿ ಮಾಡಿದ ಪತ್ರದ ಒಂದು ಪ್ರತಿ ನಮ್ಮ ಕೈಗೆ ಬರಲೇಬೇಕು.

ಪತ್ರದ ತಲೆಯಲ್ಲಿ ‘ಸಿಟಿಆರ್‌ಐ’ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇತ್ತು. ಇದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಡಿಯಲ್ಲಿ 2007ರಲ್ಲಿ ಆರಂಭವಾದ, ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪುಸ್ತಕ. ಔಷಧ ಪ್ರಯೋಗಗಳಿಗೆ 2009ರ ಜೂನ್ ತಿಂಗಳಿಂದ ಇಲ್ಲಿ ನೋಂದಣಿ ಕಡ್ಡಾಯ. ನಮ್ಮದರಂಥ ಅಧ್ಯಯನಗಳೂ ಇಲ್ಲಿ ದಾಖಲಾಗುತ್ತವೆ. ಯಾರು ಬೇಕಾದರೂ ಅಂತರ್ಜಾಲದಲ್ಲಿ ಸಂಖ್ಯೆ ಹಾಕಿ ನೋಡಬಹುದು, ಹಣ ಕೊಡಬೇಕಿಲ್ಲ. ನಾನು ತಂಗಿಯ ಮಗನಿಂದ ಹುಡುಕಿಸಿದೆ. ಎಷ್ಟು ಜನರನ್ನು ಸೇರಿಸುತ್ತಾರೆ, ಏನನ್ನು ಅಳೆಯುತ್ತಾರೆ ಎಲ್ಲ ಅಲ್ಲಿತ್ತು. ಪತ್ರದ ಕೊನೆಯಲ್ಲಿ, ಅಧ್ಯಯನವನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಫೋನ್ ಸಂಖ್ಯೆಯೂ ಇತ್ತು. ವೈದ್ಯರಷ್ಟೇ ಅಲ್ಲದೆ ಕಾನೂನು ತಿಳಿದವರು, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಸಾಮಾನ್ಯ ನಾಗರಿಕರು ಇರುವ ಸಮಿತಿ ಅದು. ಸಂಶೋಧಕರ ಮೇಲೇ ದೂರಿದ್ದರೆ ಅಲ್ಲಿಗೆ ಮಾತಾಡಬಹುದು.

ಸಹಿಯ ದಿನ ಒಂದು ಅಡ್ಡಿ. ‘ಮನೆಯವರು ಬಂದಿಲ್ಲವೇ? ಯಜಮಾನರ ಸಹಿ ಹಾಕಿಸಿ’ ಎಂದು ಕೌಂಟರ್‌ನಲ್ಲಿದ್ದವರು ಪತ್ರ ವಾಪಸು ಕೊಟ್ಟರು. ನನ್ನ ಪತಿ ಊರಲ್ಲಿದ್ದರು. ಓದು ಬರಹ ಬಲ್ಲ, ತಿಳಿವಳಿಕೆಯುಳ್ಳ ವಯಸ್ಕ ಹೆಂಗಸಿನ ಒಪ್ಪಿಗೆಗೆ ಗಂಡನ ಸಹಿ ಬೇಕಿಲ್ಲ. ಓದಲು ಬಾರದವರ ವಿಷಯದಲ್ಲಿ ಓದಿ ಹೇಳಿದ್ದಕ್ಕೆ ಸಾಕ್ಷಿಯಾಗಿ ಹೊರಗಿನವರೊಬ್ಬರು ಸಹಿ ಮಾಡುತ್ತಾರೆ. ನಾನು ಪತ್ರ ಹಿಡಿದುಕೊಂಡು ಆ ವೈದ್ಯೆಯ ಬಳಿ ಹೋದೆ. ಅವರೇ ಬಂದು ಸರಿಪಡಿಸಿದರು. ಆದರೆ ಅಷ್ಟಕ್ಕೇ ಹಿಂದಿರುಗಿ ಹೋದ ಹೆಂಗಸರು ಎಷ್ಟಿರಬಹುದು ಎಂದು ಈಗಲೂ ಯೋಚಿಸುತ್ತೇನೆ.

ನಂತರ ಪ್ರಶ್ನಾವಳಿ. ಸಂಶೋಧನಾ ಸಹಾಯಕಿ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ತಂದೆ ತಾಯಿಗೆ ಕಲ್ಲಾಗಿತ್ತೇ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೀಲುವಾತ, ಮೂತ್ರದ ಸೋಂಕು, ತೂಕ, ಸೊಂಟದ ಸುತ್ತಳತೆ, ಕ್ಯಾಲ್ಸಿಯಂ ಮಾತ್ರೆ, ಬೋರ್‌ವೆಲ್ ನೀರೇ ನದಿ ನೀರೇ ಎಂದು ಒಂದೊಂದಾಗಿ ಕೇಳಿದಳು. ಆಹಾರದ ಭಾಗಕ್ಕೆ ಬಂದಾಗ ಇಬ್ಬರಿಗೂ ತೊಡಕು. ಹಾಳೆಯಲ್ಲಿ ಇಡ್ಲಿ, ದೋಸೆ, ಅನ್ನ, ಮುದ್ದೆ ಎಲ್ಲಕ್ಕೂ ಅಳತೆಯ ಚಿತ್ರಗಳಿದ್ದವು. ಜೋಳದ ರೊಟ್ಟಿ ಒಂದು ಸಾಲಿನಲ್ಲಿತ್ತು, ಪುಂಡಿ ಪಲ್ಯ ಇರಲೇ ಇಲ್ಲ, ಶೇಂಗಾ ಹಿಂಡಿಯನ್ನು ‘ಚಟ್ನಿ’ ಎಂದು ಬರೆದುಕೊಳ್ಳಲು ಹೊರಟಿದ್ದಳು. ನಾನು ತಡೆದೆ. ಇಡ್ಲಿಯ ಜೊತೆ ನೆಂಚಿಕೊಳ್ಳುವ ಕಾಯಿ ಚಟ್ನಿಯೂ ನಾವು ದಿನಕ್ಕೆ ಎರಡು ಹೊತ್ತು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯೂ ಒಂದೇ ಆಗುತ್ತವೆಯೇ? ಶೇಂಗಾದಲ್ಲಿ ಆಕ್ಸಲೇಟ್ ಹೆಚ್ಚು, ಪುಂಡಿಯಂಥ ಹುಳಿ ಸೊಪ್ಪಿನಲ್ಲೂ ಅದು ಇರುತ್ತದೆ. ಕಲ್ಲಿನ ಅಧ್ಯಯನದಲ್ಲಿ ಇವೇ ಕೈಬಿಟ್ಟು ಹೋದರೆ ಉಳಿಯುವುದೇನು? ಅವಳು ಬೇಸರಿಸಿಕೊಳ್ಳದೆ ಪಕ್ಕದಲ್ಲಿ ಬರೆದುಕೊಂಡಳು. ನಿಮ್ಮ ಊಟ ಹಾಳೆಯಲ್ಲಿ ಇಲ್ಲದಿದ್ದರೆ ಹತ್ತಿರದ ಯಾವುದೋ ಪದಾರ್ಥಕ್ಕೆ ಒಪ್ಪಿಕೊಂಡು ಮುಂದೆ ಹೋಗಬೇಡಿ.

‘ಕೆಲಸದ ಜಾಗದಲ್ಲಿ ಎಷ್ಟು ಲೋಟ ನೀರು ಕುಡಿಯುತ್ತೀರಿ?’ ಎಂದಳು. ಒಂದು, ಹೆಚ್ಚೆಂದರೆ ಎರಡು ಎಂದೆ. ‘ಬಾಯಾರಿಕೆ ಆಗುವುದಿಲ್ಲವೇ?’ ಎಂಬುದು ಮುಂದಿನ ಪ್ರಶ್ನೆ. ಆಗುತ್ತದೆ, ಆದರೂ ಕುಡಿಯುವುದಿಲ್ಲ ಎಂದೆ. ಪೆನ್ನು ನಿಂತಿತು. ಕಾರಣ ಬರೆಯಲು ಹಾಳೆಯಲ್ಲಿ ಜಾಗವಿರಲಿಲ್ಲ.

ಕಾರಣವೇನೆಂದರೆ ಶಾಲೆಯ ಶೌಚಾಲಯ. ಕಟ್ಟಡವಿದೆ, ಬಾಗಿಲಿನ ಒಳಚಿಲಕ ಮುರಿದಿದೆ, ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಹೊತ್ತು ಮಾತ್ರ. ಹೋಗಬೇಕೆಂದರೆ ಇನ್ನೊಬ್ಬ ಶಿಕ್ಷಕಿ ಹೊರಗೆ ಕಾವಲು ನಿಲ್ಲಬೇಕು. ಮೂವರು ಶಿಕ್ಷಕಿಯರೂ ಬೆಳಗ್ಗೆ ಮನೆ ಬಿಟ್ಟವರು ಸಂಜೆ ಮನೆ ಸೇರುವವರೆಗೆ ತಡೆದುಕೊಳ್ಳುತ್ತೇವೆ. ತಡೆಯಲು ಸುಲಭವಾದ ದಾರಿ ನೀರು ಕುಡಿಯದಿರುವುದು. ಹೆಣ್ಣುಮಕ್ಕಳೂ ಹಾಗೆಯೇ ಮಾಡುತ್ತಾರೆ. ಇದನ್ನು ಹದಿನೆಂಟು ವರ್ಷದ ನೌಕರಿಯಲ್ಲಿ ನಾನು ಯಾವ ವೈದ್ಯರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಆ ಹುಡುಗಿಯ ಮುಂದೆ ಹೇಳುವಾಗ ಗಂಟಲು ಕಟ್ಟಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನು ಇತರೆ ಎಂಬಲ್ಲಿ ಬರೆದುಕೊಳ್ಳಲೇ ಮೇಡಂ?’ ಎಂದಳು. ಬರೆದುಕೊ, ಆದರೆ ನಿಮ್ಮ ದೊಡ್ಡ ಡಾಕ್ಟರಿಗೂ ಹೇಳು ತಾಯಿ ಎಂದೆ. ‘ಇತರೆ’ಯಲ್ಲಿ ಸೇರಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಗಣಿತ ಕಲಿಸುವ ನನಗೆ ಗೊತ್ತು.

ಕಲ್ಲಾಗದವರನ್ನೂ ಈ ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತಾರೆ. ಕಣ್ಣಿನ ಪರೀಕ್ಷೆಗೋ ಹಲ್ಲಿಗೋ ಅದೇ ಆಸ್ಪತ್ರೆಗೆ ಬಂದವರಲ್ಲಿ ಅದೇ ವಯಸ್ಸಿನವರನ್ನು ಹುಡುಕಿ, ಸ್ಕ್ಯಾನ್ ಮಾಡಿ ಕಲ್ಲಿಲ್ಲವೆಂದು ಖಚಿತಪಡಿಸಿಕೊಂಡು, ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಕಲ್ಲಾದವರನ್ನಷ್ಟೇ ಕೇಳಿದರೆ ಎಲ್ಲರೂ ಚಹಾ ಕುಡಿಯುವವರೇ ಸಿಗುತ್ತಾರೆ, ಚಹಾವೇ ಕಾರಣ ಎಂದು ತೀರ್ಮಾನಿಸಿಬಿಡಬಹುದು. ಕಲ್ಲಿಲ್ಲದವರೂ ಅಷ್ಟೇ ಚಹಾ ಕುಡಿಯುತ್ತಾರೆ ಎಂದು ತಿಳಿದಾಗ ಆ ಆರೋಪ ಬಿದ್ದುಹೋಗುತ್ತದೆ.

ಈಗ ಎಲ್ಲರೂ ಹೆದರುವ ಇಪ್ಪತ್ತನಾಲ್ಕು ಗಂಟೆಯ ಮೂತ್ರ ಸಂಗ್ರಹ. ಶಸ್ತ್ರಚಿಕಿತ್ಸೆಯ ಮೇಲೆ ಕೆಲವು ವಾರ ಕಳೆದು, ಎಂದಿನ ಊಟ, ಎಂದಿನ ನೀರಿಗೆ ಮರಳಿದ ಮೇಲೆಯೇ ಇದನ್ನು ಮಾಡುವುದು. ನನ್ನ ಸಂಗ್ರಹ ಒಮ್ಮೆ ಮುಂದಕ್ಕೆ ಹೋಯಿತು, ಯಾಕೆಂದರೆ ಮುಟ್ಟಿನ ದಿನಗಳಲ್ಲಿ ಮಾಡಬಾರದು. ದಿನಾಂಕ ಕೊಡುವಾಗ ಯಾರೂ ಅದನ್ನು ಕೇಳಿರಲಿಲ್ಲ, ನಾನು ರಜೆ ಹಾಕಿ ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಫೋನ್ ಮಾಡಿದಾಗ ತಿಳಿಯಿತು. ಹೆಂಗಸರು ದಿನಾಂಕ ಗೊತ್ತು ಮಾಡುವಾಗಲೇ ಇದನ್ನು ಬಾಯಿಬಿಟ್ಟು ಹೇಳಬೇಕು.

ಕೊಡುವುದು ಐದು ಲೀಟರಿನ ಬಿಳಿ ಡಬ್ಬಿ. ತಳದಲ್ಲಿ ಸ್ವಲ್ಪ ಆಮ್ಲ ಇರುತ್ತದೆ, ಸುಡುತ್ತದೆ ಎಂಬ ಎಚ್ಚರಿಕೆಯ ಚೀಟಿ ಮೇಲೆ. ಅದನ್ನು ಚೆಲ್ಲಬಾರದು, ತೊಳೆಯಬಾರದು, ಮಕ್ಕಳ ಕೈಗೆ ಸಿಗಬಾರದು. ನೇರವಾಗಿ ಡಬ್ಬಿಗೆ ಹೋಗದೆ, ಹಿಡಿಯಿರುವ ಪ್ಲಾಸ್ಟಿಕ್ ಜಗ್ಗಿನಲ್ಲಿ ಹಿಡಿದು ಮೆಲ್ಲಗೆ ಸುರಿಯಬೇಕು. ಮುಖವನ್ನು ಡಬ್ಬಿಯ ಬಾಯಿಂದ ದೂರ ಇಟ್ಟುಕೊಳ್ಳಿ, ಹಬೆ ಕಣ್ಣು ಚುಚ್ಚುತ್ತದೆ. ಬೆಳಗ್ಗೆ ಎದ್ದ ತಕ್ಷಣದ ಮೊದಲ ಮೂತ್ರವನ್ನು ಬಿಟ್ಟುಬಿಡಬೇಕು, ಆ ಸಮಯವನ್ನು ಬರೆದಿಡಬೇಕು. ಅಲ್ಲಿಂದ ಮುಂದೆ ಹಗಲು ರಾತ್ರಿ ಒಂದು ಹನಿಯೂ ಬಿಡದೆ ಡಬ್ಬಿಗೆ. ಮರುದಿನ ಅದೇ ಸಮಯಕ್ಕೆ ಬರುವ ಮೊದಲ ಮೂತ್ರವೂ ಡಬ್ಬಿಗೇ ಸೇರಬೇಕು, ಅಲ್ಲಿಗೆ ಮುಗಿಯಿತು. ಶೌಚಕ್ಕೆ ಹೋಗುವಾಗ ಮೊದಲು ಮೂತ್ರವನ್ನು ಜಗ್ಗಿನಲ್ಲಿ ಹಿಡಿಯಬೇಕು, ಇದು ಬಹಳ ಜನರಿಗೆ ತಪ್ಪಿಹೋಗುವ ಸ್ಥಳವಂತೆ.

ತಂಗಿಯ ಮನೆಯಲ್ಲಿ ಭಾನುವಾರ ಇಟ್ಟುಕೊಂಡೆ. ತಂಗಿಯ ಅತ್ತೆ ಮಡಿವಂತರು, ಒಂದೇ ಬಚ್ಚಲು. ಡಬ್ಬಿಯನ್ನು ನೋಡಿ ಮುಖ ಸಪ್ಪೆ ಮಾಡಿದರು. ನಾನು ಮುಚ್ಚಿಡದೆ ಅವರಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ನೆರಳಿನ ಜಾಗ ತೋರಿಸಿ, ಒಂದು ಬಕೆಟ್ಟಿನಲ್ಲಿ ತಣ್ಣೀರು ತುಂಬಿ, ‘ಇದರಲ್ಲಿಡು ಮಗಳೇ, ಬಿಸಿಗೆ ಕೆಡದಿರಲಿ’ ಎಂದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನ ಹತ್ತಿರ ಬಂದು, ತಮಗೂ ಕೆಮ್ಮಿದರೆ ಹನಿ ಮೂತ್ರ ಹೋಗುತ್ತದೆ, ಯಾರಿಗೂ ಹೇಳಿಲ್ಲ, ಅದಕ್ಕೂ ಡಾಕ್ಟರು ಇರುತ್ತಾರೆಯೇ ಎಂದು ಕೇಳಿದರು. ಇರುತ್ತಾರೆ ಅಮ್ಮ, ವ್ಯಾಯಾಮದಿಂದಲೇ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆಯಂತೆ ಎಂದೆ. ಮುಂದಿನ ಭೇಟಿಗೆ ಅವರೂ ನನ್ನ ಜೊತೆ ಆಸ್ಪತ್ರೆಗೆ ಬಂದರು.

ಒಂದು ಎಚ್ಚರಿಕೆ. ಪರೀಕ್ಷೆ ಇದೆಯೆಂದು ಆ ದಿನ ಚೊಂಬುಗಟ್ಟಲೆ ನೀರು ಕುಡಿಯಬೇಡಿ. ಎಂದಿನಂತೆ ಇರಿ. ಪೂರ್ತಿ ಸಂಗ್ರಹವಾಗಿದೆಯೋ ಇಲ್ಲವೋ ಎಂಬುದು ಅವರಿಗೆ ಕ್ರಿಯಾಟಿನಿನ್ ಎಂಬ ಅಂಶದಿಂದ ತಿಳಿಯುತ್ತದೆ. ಹೆಂಗಸರಲ್ಲಿ ಅದು ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 15ರಿಂದ 20 ಮಿಲಿಗ್ರಾಂ ಹೋಗಬೇಕು. ತೀರ ಕಡಿಮೆ ಬಂದರೆ ಎಲ್ಲೋ ಬಿಟ್ಟುಹೋಗಿದೆ ಎಂದು ಅರ್ಥ, ಮತ್ತೆ ಮಾಡಬೇಕು.

ಸೋಮವಾರ ಡಬ್ಬಿ ಹೊತ್ತು ಹೋದರೆ ಪ್ರಯೋಗಾಲಯದ ಕೌಂಟರ್‌ನಲ್ಲಿ ಬಿಲ್ ಕಟ್ಟಿ ಬನ್ನಿ ಎಂದರು. ಅಧ್ಯಯನದ ಪರೀಕ್ಷೆ, ಉಚಿತ ಎಂದರೂ ಕೇಳಲಿಲ್ಲ. ಸರತಿಯಲ್ಲಿ ಆ ಡಬ್ಬಿ ಹಿಡಿದು ಗಂಡಸರ ನಡುವೆ ನಿಂತ ಆ ಹೊತ್ತು ನನಗೆ ಬಹಳ ಅವಮಾನವೆನಿಸಿತು. ಅಧ್ಯಯನದ ಸಂಖ್ಯೆಯಿರುವ ಚೀಟಿಯನ್ನು ತೋರಿಸಿದ ಮೇಲೆ ತೆಗೆದುಕೊಂಡರು. ಆ ಚೀಟಿಯನ್ನು ಪರ್ಸಿನಲ್ಲಿ ಸದಾ ಇಟ್ಟುಕೊಳ್ಳಿ, ಸಹಾಯಕರ ಫೋನ್ ಸಂಖ್ಯೆಯನ್ನೂ. ಡಬ್ಬಿಗೆ ದಪ್ಪ ಬಟ್ಟೆಯ ಚೀಲ ಒಯ್ಯಿರಿ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸ್ಕ್ಯಾನ್, ಶಸ್ತ್ರಚಿಕಿತ್ಸೆ, ಸ್ಟೆಂಟ್ ತೆಗೆಸಿದ್ದು, ಔಷಧ ಎಲ್ಲ ಸೇರಿ ಅರವತ್ತು ಸಾವಿರದ ಆಸುಪಾಸು ನಾವೇ ಭರಿಸಿದೆವು. ಇವು ಚಿಕಿತ್ಸೆಯ ಖರ್ಚು, ಅಧ್ಯಯನಕ್ಕೆ ಸಂಬಂಧವಿಲ್ಲ. ಅಧ್ಯಯನದ ರಕ್ತ, ಮೂತ್ರ, ಅಲ್ಟ್ರಾಸೌಂಡ್ ಉಚಿತ. ಪ್ರಯಾಣಕ್ಕೆ ಒಂದು ಭೇಟಿಗೆ ಐನೂರು ರೂಪಾಯಿ ಕೊಡುತ್ತಿದ್ದರು, ನನ್ನ ಬಸ್ಸಿನ ಖರ್ಚು ಅದರ ಮೂರು ಪಟ್ಟು ಮೀರುತ್ತಿತ್ತು. ಟಿಕೆಟ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಕೇಳಿದರು, ಹಣ ಖಾತೆಗೆ ಬರಲು ತಿಂಗಳುಗಳೇ ಹಿಡಿದವು. ದೂರದವರು ಸೇರುವ ಮುನ್ನ ಇದನ್ನು ಕೇಳಿ ತಿಳಿದುಕೊಳ್ಳಿ. ನೌಕರಿಯಲ್ಲಿರುವವರು ಪ್ರತಿ ಭೇಟಿಗೂ ಹಾಜರಾತಿ ಪತ್ರ ಕೇಳಿ ಪಡೆಯಿರಿ, ರಜೆಗೆ ಬೇಕಾಗುತ್ತದೆ.

ವರದಿ ಬಂದ ದಿನ ವೈದ್ಯೆ ಎದುರು ಕೂರಿಸಿಕೊಂಡು ಸಾಲು ಸಾಲಾಗಿ ವಿವರಿಸಿದರು. ಇಡೀ ದಿನದ ಮೂತ್ರ 900 ಮಿಲಿಲೀಟರ್. ಕಲ್ಲಾದವರಲ್ಲಿ ಅದು ಎರಡೂವರೆ ಲೀಟರ್ ಆದರೂ ಇರಬೇಕಂತೆ. ಸೋಡಿಯಂ ಹೆಚ್ಚು, ಅಂದರೆ ಉಪ್ಪು, ಹಪ್ಪಳ, ಉಪ್ಪಿನಕಾಯಿ. ಉಪ್ಪು ಹೆಚ್ಚಾದಂತೆ ಮೂತ್ರದಲ್ಲಿ ಕ್ಯಾಲ್ಸಿಯಂ ಕೂಡ ಹೆಚ್ಚು ಹೋಗುತ್ತದೆ. ಕಲ್ಲು ಕಟ್ಟದಂತೆ ಕಾಯುವ ಸಿಟ್ರೇಟ್ ಕಡಿಮೆ. ನಿಂಬೆಹಣ್ಣಿನ ನೀರು, ಸಕ್ಕರೆಯಿಲ್ಲದೆ, ಉಪ್ಪಿಲ್ಲದೆ ಕುಡಿಯಲು ಹೇಳಿದರು. ನೀರಿನ ವಿಷಯದಲ್ಲಿ ಗಟ್ಟಿ ಸಾಕ್ಷ್ಯವಿದೆ ಎಂದು ಇಟಲಿಯ ಒಂದು ಪ್ರಯೋಗದ ಬಗ್ಗೆ ಹೇಳಿದರು. 1996ರಲ್ಲಿ ಪ್ರಕಟವಾದ ಅದರಲ್ಲಿ ಮೊದಲ ಬಾರಿ ಕಲ್ಲಾದ 199 ಜನರನ್ನು ಐದು ವರ್ಷ ನೋಡಿದರು. ಹೆಚ್ಚು ನೀರು ಕುಡಿದ ಗುಂಪಿನಲ್ಲಿ ನೂರಕ್ಕೆ 12 ಜನರಿಗೆ ಮತ್ತೆ ಕಲ್ಲಾಯಿತು, ಉಳಿದ ಗುಂಪಿನಲ್ಲಿ 27 ಜನರಿಗೆ. ಗಣಿತದವಳಿಗೆ ಇಷ್ಟು ಸಾಕಿತ್ತು.

ಹಾಲು ಮೊಸರಿನ ಮಾತೂ ಬಂತು. ನಮ್ಮೂರಿನಲ್ಲಿ ಕಲ್ಲಾಯಿತೆಂದರೆ ಮೊದಲು ಬಿಡಿಸುವುದೇ ಅವನ್ನು. ಕ್ಯಾಲ್ಸಿಯಂ ಕಲ್ಲಲ್ಲವೇ ಎಂಬ ಲೆಕ್ಕ. ಆದರೆ ಊಟದ ಜೊತೆಗಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಹೊರಗೆ ಹಾಕುತ್ತದೆ, ಮೂತ್ರಕ್ಕೆ ಹೋಗಲು ಬಿಡುವುದಿಲ್ಲ. ಅಮೆರಿಕದಲ್ಲಿ ನಲವತ್ತೈದು ಸಾವಿರಕ್ಕೂ ಹೆಚ್ಚು ಗಂಡಸರನ್ನು ಗಮನಿಸಿದ 1993ರ ಅಧ್ಯಯನದಲ್ಲಿ ಆಹಾರದಿಂದ ಹೆಚ್ಚು ಕ್ಯಾಲ್ಸಿಯಂ ಪಡೆದವರಿಗೇ ಕಲ್ಲು ಕಡಿಮೆ ಕಂಡಿತ್ತು. ಹೆಂಗಸರನ್ನು ಕೇಳಲಿಲ್ಲವೇ ಎಂದೆ. 1997ರಲ್ಲಿ ತೊಂಬತ್ತು ಸಾವಿರ ದಾಟಿದ ದಾದಿಯರ ಅಧ್ಯಯನ ಬಂತು, ಊಟದ ಕ್ಯಾಲ್ಸಿಯಂ ಅಲ್ಲಿಯೂ ಕಾಪಾಡಿತ್ತು, ಮಾತ್ರೆಯ ಕ್ಯಾಲ್ಸಿಯಂ ಮಾತ್ರ ಅಪಾಯವನ್ನು ತುಸು ಹೆಚ್ಚಿಸಿತ್ತು ಎಂದರು. ಮಾತ್ರೆ ನುಂಗುವವರು ತಾವಾಗಿ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು. ನನಗೆ ಊಟದಲ್ಲಿ ಮಜ್ಜಿಗೆ ಇರಲಿ, ಶೇಂಗಾ ಹಿಂಡಿ ಹಿತಮಿತವಾಗಲಿ, ಪುಂಡಿ ಪಲ್ಯ ಉಣ್ಣುವ ದಿನ ಜೊತೆಗೆ ಮೊಸರು ತಪ್ಪದಿರಲಿ ಎಂದರು. ಬಾಳೆದಿಂಡಿನ ರಸ, ಹುರುಳಿ ಕಟ್ಟು ಕುಡಿಯಲು ಅಡ್ಡಿಯಿಲ್ಲ, ಆದರೆ ಅವನ್ನೇ ನಂಬಿ ಸ್ಕ್ಯಾನ್ ತಪ್ಪಿಸಬೇಡಿ ಎಂದೂ ಸೇರಿಸಿದರು.

ಕೆಲವು ತಿಂಗಳ ನಂತರ ಫೋನ್ ಬಂತು. ಪ್ರಶ್ನಾವಳಿ ಬದಲಾಗಿದೆ, ನೈತಿಕ ಸಮಿತಿ ಒಪ್ಪಿದೆ, ಹೊಸ ಒಪ್ಪಿಗೆ ಪತ್ರಕ್ಕೆ ಮತ್ತೆ ಸಹಿ ಬೇಕು ಎಂದರು. ಮತ್ತೆ ಬಸ್ಸು, ಮತ್ತೆ ರಜೆ ಎಂದು ಬೇಸರವಾಯಿತು. ಹೋಗಿ ಹಾಳೆ ತಿರುವಿದರೆ ಹೊಸದಾಗಿ ಸೇರಿದ ಪ್ರಶ್ನೆಗಳು ಕಣ್ಣಿಗೆ ಬಿದ್ದವು. ಕೆಲಸದ ಜಾಗದಲ್ಲಿ ಬಳಸಬಹುದಾದ ಶೌಚಾಲಯ ಇದೆಯೇ, ನೀರಿದೆಯೇ, ಒಳಗಿನಿಂದ ಚಿಲಕ ಹಾಕಬಹುದೇ, ಶೌಚಾಲಯ ಇಲ್ಲದ ಕಾರಣಕ್ಕೆ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತೀರಾ. ಬಟ್ಟೆ ಕಾರ್ಖಾನೆಯ ಹೆಂಗಸರು, ಬೀದಿಬದಿ ಮಾರುವವರು, ಬಸ್ಸಿನಲ್ಲಿ ದುಡಿಯುವವರು ಹಲವರು ಇದೇ ಮಾತು ಹೇಳಿದ್ದರಂತೆ. ಆ ಹುಡುಗಿ ಎಲ್ಲರ ‘ಇತರೆ’ಯನ್ನೂ ಒಟ್ಟು ಮಾಡಿ ಮುಂದಿಟ್ಟಿದ್ದಳು. ಕುಳಿತಲ್ಲೇ ನನಗೆ ಕಣ್ಣು ತುಂಬಿತು. ಈ ಬಾರಿ ಉತ್ತರ ಬರೆಯಲು ಚೌಕಗಳಿದ್ದವು.

ಊರಿಗೆ ಬಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಇದನ್ನೇ ಮಾತಾಡಿದೆ. ಗಂಡಸರೇ ತುಂಬಿದ್ದ ಸಭೆಯಲ್ಲಿ ಮೂತ್ರದ ವರದಿ ಓದಿ ಹೇಳಿದ್ದು ಸುಲಭವಿರಲಿಲ್ಲ. ಚಿಲಕ ಅದೇ ವಾರ ಬಂತು. ನೀರಿನ ಟಾಕಿಗೆ ಪಂಚಾಯಿತಿಗೆ ಅರ್ಜಿ ಹೋಗಿದೆ, ಇನ್ನೂ ಬಂದಿಲ್ಲ. ಸದ್ಯ ದೊಡ್ಡ ಮಕ್ಕಳು ಬೆಳಗ್ಗೆಯೇ ಎರಡು ಡ್ರಮ್ಮು ತುಂಬಿಸಿಡುತ್ತಾರೆ.

ಕೊನೆಯ ಅಲ್ಟ್ರಾಸೌಂಡ್‌ನಲ್ಲಿ ಹೊಸ ಕಲ್ಲು ಇಲ್ಲ. ಎರಡನೆಯ ಸಂಗ್ರಹದಲ್ಲಿ ಮೂತ್ರ ಎರಡು ಲೀಟರಿನ ಹತ್ತಿರ ಬಂದಿದೆ, ಇನ್ನೂ ಅರ್ಧ ಲೀಟರ್ ಬೇಕು. ಇಡೀ ಅಧ್ಯಯನದ ಫಲಿತಾಂಶ ಎಲ್ಲರ ಲೆಕ್ಕ ಮುಗಿದ ಮೇಲೆಯೇ ಬರುವುದು. ಬಂದಾಗ ಕನ್ನಡದಲ್ಲಿ ಒಂದು ಪುಟದ ಸಾರಾಂಶ ಬರೆದು ಕಳುಹಿಸಿ ಎಂದು ಲಿಖಿತವಾಗಿ ಕೇಳಿ ಬಂದಿದ್ದೇನೆ. ಸೇರಿದವರೆಲ್ಲರೂ ಹಾಗೆ ಕೇಳಬೇಕು. ಕಣ್ಣಿಗೋ ಹಲ್ಲಿಗೋ ಆಸ್ಪತ್ರೆಗೆ ಹೋದಾಗ ‘ನಿಮಗೆ ಕಲ್ಲಿಲ್ಲ, ಆದರೂ ಅಧ್ಯಯನಕ್ಕೆ ಬರುತ್ತೀರಾ’ ಎಂದು ಯಾರಾದರೂ ಕೇಳಿದರೆ, ಪತ್ರ ಓದಿ, ಸಾಧ್ಯವಾದರೆ ಒಪ್ಪಿಕೊಳ್ಳಿ. ಅಂಥವರು ಬೇಗ ಸಿಗದೆಯೇ ನಮ್ಮ ಅಧ್ಯಯನ ನಿಧಾನವಾದದ್ದು.